ನೆರೆಮನೆಯ ಗಂಟೆ: ಒಂದು ಫಿರ್ಗಜಿನ ಚರಿತ್ರೆಯನ್ನು ಓದುವ ಬಗೆ

ಬಂಟ್ವಾಳದಿಂದ ಹೊರಟ ಬಸ್ಸು ಏರು ಹತ್ತಿ ವಾಮದಪದವು ತಲುಪಿದಾಗ ನಾವು ಮೂರು ತಾಲೂಕುಗಳ ನಡುವೆ ನಿಂತಿರುತ್ತೇವೆ. ಒಂದು ಕಡೆ ಬಂಟ್ವಾಳ, ಇನ್ನೊಂದು ಕಡೆ ಬೆಳ್ತಂಗಡಿ, ಮತ್ತೊಂದು ಕಡೆ ಮೂಡಬಿದ್ರೆ. ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು. ಅದರ ಕೆಳಗಿನ ತೋಡು, ಗದ್ದೆ, ಅಡಿಕೆ ತೋಟಗಳಲ್ಲಿ ಬಂಟರು, ಬಿಲ್ಲವರು, ಜೈನರು, ಬ್ಯಾರಿಗಳು, ಕೊಂಕಣಿ ಕ್ರೈಸ್ತರು ತಲೆಮಾರುಗಳಿಂದ ಬದುಕಿದ್ದಾರೆ. ಅಲ್ಲಿಪಾದೆ, ಸಿದ್ಧಕಟ್ಟೆ, ವೇಣೂರು, ಮಡಂತ್ಯಾರು, ಹೊಸಬೆಟ್ಟು ಎಂದು ಹೆಸರು ಹೇಳುತ್ತಾ ಹೋದರೆ ಎಲ್ಲ ಕಡೆಯೂ ಒಂದು ಚರ್ಚು, ಅದರ ಪಕ್ಕ ಒಂದು ಶಾಲೆ, ಹಿಂದೆ ಒಂದು ಸ್ಮಶಾನ ಸಿಗುತ್ತದೆ. ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಗೊಮ್ಮಟನೂ ಇದ್ದಾನೆ, ಮಸೀದಿಯೂ ಇದೆ.

ಈ ಊರುಗಳಲ್ಲಿ ಕ್ರೈಸ್ತ ಗಂಡಸನ್ನು ತುಳುವಿನಲ್ಲಿ 'ಪೊರ್ಬು' ಎನ್ನುತ್ತಾರೆ, ಹೆಂಗಸನ್ನು 'ಬಾಯಮ್ಮ' ಎನ್ನುತ್ತಾರೆ. ಪ್ರಭು ಎಂಬುದೇ ಪೊರ್ಬು ಆಗಿದೆ. ಮತಾಂತರಕ್ಕೆ ಮೊದಲಿನ ಪ್ರಭು, ಕಾಮತ್, ನಾಯಕ್, ಶೆಣೈ ಎಂಬ ಮನೆತನದ ಹೆಸರುಗಳನ್ನು ಇಂದಿಗೂ ನೆನಪಿಟ್ಟುಕೊಂಡ ಕುಟುಂಬಗಳಿವೆ. ನಮ್ಮನ್ನು ಅವರು 'ಬ್ಯಾರಿ' ಎಂದರು, ನಾವು ಅವರನ್ನು 'ಪೊರ್ಬು' ಎಂದೆವು. ವ್ಯಾಪಾರ ನಡೆಯಿತು, ಸಾಲ ನಡೆಯಿತು, ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ನಮ್ಮ ಮಕ್ಕಳು ಕುಳಿತರು. ಕ್ರಿಸ್ಮಸ್ ದಿನ ತಟ್ಟೆಯಲ್ಲಿ ಕುಸ್ವಾರ್ ಬಂತು, ಪೆರ್ನಾಲ್ ದಿನ ಆ ತಟ್ಟೆ ಬರಿದಾಗಿ ಹಿಂದಿರುಗಲಿಲ್ಲ. ಇಷ್ಟೆಲ್ಲ ಇದ್ದೂ, ಆ ಮನೆಯವರ ಚರಿತ್ರೆ ನಮಗೆಷ್ಟು ಗೊತ್ತು? ಅವರ ಗಂಟೆಯ ಸದ್ದು ನಮಗೆ ಗೊತ್ತು; ಅದು ಯಾಕೆ ಬಾರಿಸಿತು ಎಂದು ಕೇಳಿದವರು ನಮ್ಮಲ್ಲಿ ಕಡಿಮೆ.

ಫಿರ್ಗಜ್ ಎಂಬ ಊರೊಳಗಿನ ಊರು

ಒಂದು ಚರ್ಚಿಗೆ ಸೇರಿದ ಸಮುದಾಯಕ್ಕೆ ಕೊಂಕಣಿಯಲ್ಲಿ 'ಫಿರ್ಗಜ್' ಎಂಬ ಹೆಸರಿದೆ. ಚರ್ಚಿನ ಕಟ್ಟಡ 'ಇಗರ್ಜ್'. ಎರಡೂ ಪೋರ್ಚುಗೀಸ್ ಮೂಲದ ಪದಗಳು. ಆದರೆ ಫಿರ್ಗಜಿನ ವಾರ್ಡನ್ನು ನೋಡಿಕೊಳ್ಳುವ ಹಿರಿಯನಿಗೆ ಮಾತ್ರ 'ಗುರ್ಕಾರ್' ಎಂಬ ಹೆಸರು. ಅದು ನಮ್ಮ ಊರಿನದೇ ಗುರಿಕಾರ. ಬಂಟರ, ಬಿಲ್ಲವರ ಕೂಡುಕಟ್ಟಿನಲ್ಲಿ ಗುರಿಕಾರನಿಗೆ ಯಾವ ಮರ್ಯಾದೆಯೋ ಚರ್ಚಿನ ಗುರ್ಕಾರನಿಗೂ ಅದೇ ಮರ್ಯಾದೆ. ವಾರ್ಡಿನಲ್ಲಿ ಜಗಳವಾದರೆ ಮೊದಲು ಅವನಿಗೆ ತಿಳಿಯಬೇಕು. ಸಾವಾದರೆ ಅವನು ಪಾದ್ರಿಗಳಿಗೆ ತಿಳಿಸಬೇಕು. ಚರ್ಚಿನ ಹಬ್ಬದ ವಂತಿಗೆ ಅವನ ಮೂಲಕ ಬರಬೇಕು. ಹೊರಗಿನಿಂದ ಬಂದ ಧರ್ಮ ನೆಲದ ವ್ಯವಸ್ಥೆಯನ್ನು ಹೀಗೆ ತನ್ನದಾಗಿಸಿಕೊಂಡಿತು. ನಮ್ಮ ಮಸೀದಿಯ ಜಮಾಅತ್ ನಡೆಯುವ ರೀತಿಯನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ.

ಫಿರ್ಗಜಿನ ನಿಜವಾದ ಬೆನ್ನೆಲುಬು ಅದರ ದಫ್ತರಗಳು. ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಮರಣದ ಪುಸ್ತಕ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಮಗುವಿನ ಹೊಣೆ ಹೊತ್ತ ಇಬ್ಬರು ಹಿರಿಯರ ಹೆಸರು, ದಿನಾಂಕ, ಪಾದ್ರಿಯ ಸಹಿ. ಗೇಣಿಗೆ ಗದ್ದೆ ಮಾಡುತ್ತಿದ್ದ ಬಡವನ ಮಗುವೂ ದೊಡ್ಡ ಮನೆಯ ಮಗುವೂ ಅದೇ ಪುಟದಲ್ಲಿ ಒಂದರ ಕೆಳಗೆ ಒಂದು ಬರುತ್ತವೆ. ರಾಜರ ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ಉತ್ತವನ ಹೆಸರಿರುವುದು ಅಪರೂಪ. ಉತ್ತವನ ಹೆಸರನ್ನು ಹುಡುಕಬೇಕಾದರೆ ಇಂಥ ದಫ್ತರಗಳಿಗೇ ಹೋಗಬೇಕು.

ಮದುವೆಯ ಸುದ್ದಿಯನ್ನು ಮೂರು ಭಾನುವಾರ ಪೂಜೆಯ ಹೊತ್ತಿಗೆ ಓದಿ ಹೇಳುವುದು ಹಳೆಯ ಪದ್ಧತಿ. ತಡೆ ಇದ್ದವರು ತಿಳಿಸಬೇಕು ಎಂಬುದು ಅದರ ಉದ್ದೇಶ. ಗಂಟೆಯಂತೂ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆಗೆ ಕರೆಯುತ್ತದೆ. ಸಾವಿನ ಗಂಟೆಯ ಗತಿ ಬೇರೆ. ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರು, ಅವರು ಯಾವ ಜಾತಿಯವರೇ ಆಗಿರಲಿ, ಆ ಗತಿ ಕೇಳಿದೊಡನೆ ಬೆನ್ನು ನೆಟ್ಟಗೆ ಮಾಡಿ 'ಯಾರು ಹೋದರು?' ಎಂದು ಕೇಳುತ್ತಿದ್ದರು. ಪತ್ರಿಕೆ, ಫೋನು ಇಲ್ಲದ ಕಾಲದಲ್ಲಿ ಸುದ್ದಿ ನಡೆದ ದಾರಿ ಇದು: ಗಂಟೆಯಿಂದ ಗದ್ದೆಗೆ, ಗುರ್ಕಾರನಿಂದ ವಾರ್ಡಿಗೆ, ಪೂಜೆಯ ಪೀಠದಿಂದ ಮನೆಗೆ.

ಸಂಜೆ ಕತ್ತಲಾಗುವ ಹೊತ್ತಿಗೆ ಆ ಮನೆಗಳಲ್ಲಿ 'ತೇರ್ಸ್' ಶುರುವಾಗುತ್ತಿತ್ತು. ಮನೆಮಂದಿಯೆಲ್ಲ ಮೊಣಕಾಲೂರಿ ಜಪಮಾಲೆ ಹೇಳುವುದು, ಮುಗಿದ ಮೇಲೆ ಕಿರಿಯರು ಹಿರಿಯರಿಂದ 'ಬೆಸಾಂವ್', ಅಂದರೆ ಆಶೀರ್ವಾದ, ಬೇಡುವುದು. ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ಮಗ್ರಿಬ್ ನಮಾಝ್ ಮುಗಿದು ಮಕ್ಕಳು ಕುರ್‌ಆನ್ ಓದಲು ಕುಳಿತಿರುತ್ತಿದ್ದರು. ಬೇಲಿಯ ಆಚೆಗೂ ಈಚೆಗೂ ಚಿಮಿಣಿ ದೀಪ ಒಂದೇ ಬಗೆಯದು.

ಬಂದ ದಾರಿ

ಇವರ ಹಿರಿಯರು ಗೋವೆಯಿಂದ ಬಂದವರು. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಆರಂಭವಾಯಿತು. ಕ್ರೈಸ್ತರಾದ ಮೇಲೂ ಹಳೆಯ ಆಚರಣೆಗಳನ್ನು ಉಳಿಸಿಕೊಂಡವರನ್ನು ಅದು ಹಿಂಡಿತು. ಅದರ ಜೊತೆಗೆ ಬರಗಾಲ, ರೋಗ, 1683ರ ಮರಾಠರ ದಾಳಿ. ಇವೆಲ್ಲ ಕಾರಣಗಳಿಂದ ಕುಟುಂಬ ಕುಟುಂಬಗಳೇ ದಕ್ಷಿಣಕ್ಕೆ ಸರಿದವು. ಅಂದರೆ, ಇಲ್ಲಿ ನೆಲೆಸಿದ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ಪೋರ್ಚುಗೀಸರ ಆಳ್ವಿಕೆಯಿಂದ ದೂರ ಬಂದವರು. ಅವರನ್ನು 'ಪರಂಗಿಗಳ ಕಡೆಯವರು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರು ಇದನ್ನು ಗಮನಿಸಬೇಕು.

ಕೆಳದಿಯ ಅರಸರಿಗೆ ಬೇಸಾಯ ಬಲ್ಲ ಕೈಗಳು ಬೇಕಿದ್ದವು. ಕನ್ನಡ ಜಿಲ್ಲೆಯ ಅಕ್ಕಿ ಪೋರ್ಚುಗೀಸರಿಗೆ ಬೇಕಿತ್ತು. 1678ರಲ್ಲಿ ಕೆಳದಿಗೂ ಪೋರ್ಚುಗೀಸರಿಗೂ ಆದ ಒಪ್ಪಂದ ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ಚರ್ಚು ಕಟ್ಟಲು ಅವಕಾಶ ಕೊಟ್ಟಿತು. ವೀರಶೈವ ಅರಸರ ನೆಲದಲ್ಲಿ, ಜೈನ ಮತ್ತು ಬಂಟ ಒಡೆಯರ ಗೇಣಿ ಗದ್ದೆಗಳಲ್ಲಿ ಫಿರ್ಗಜುಗಳು ಬೆಳೆದವು.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. 1684ರಲ್ಲಿ ಗೋವೆಯ ವೈಸರಾಯ್ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿದ. ತವರಿನಲ್ಲಿ ಆಳುವವರು ಅಳಿಸಲು ಹೊರಟ ಆ ಭಾಷೆ ವಲಸೆ ಬಂದವರ ಬಾಯಲ್ಲಿ ತುಳುನಾಡಿನಲ್ಲಿ ಉಳಿಯಿತು. ಮುಂದೆ ಅದು ಕನ್ನಡ ಲಿಪಿಯನ್ನೇ ತನ್ನ ಲಿಪಿಯಾಗಿ ತೆಗೆದುಕೊಂಡಿತು.

ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಹೆಸರೇ ಪರಂಗಿಗಳಿಂದ ಬಂದದ್ದು. ಅಲ್ಲಿಯ ಗುಡ್ಡದ ಮೇಲೆ 'ಮೊಂತಿ ಮರಿಯಾನೊ' ಎಂಬ ಮಠ. 1763ರಲ್ಲಿ ಅಲ್ಲಿಯ ಗುರುವಾಗಿದ್ದ ಜೋಕಿಂ ಮಿರಾಂದಾ ಮಾತೆ ಮರಿಯಳ ಹುಟ್ಟುಹಬ್ಬವನ್ನು ಹೊಸ ಬೆಳೆಯ ಹಬ್ಬವಾಗಿ ಆಚರಿಸಲು ಆರಂಭಿಸಿದರು ಎಂದು ಚರಿತ್ರೆಕಾರರು ಬರೆಯುತ್ತಾರೆ. ಅದೇ ಇಂದಿನ ಮೊಂತಿ ಫೆಸ್ತ್. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತರುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳುಗಳನ್ನು ಸುಲಿದು ಅರೆದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಸೇರಿ ಉಣ್ಣುತ್ತಾರೆ. ಆ ದಿನ ಮೀನು ಮಾಂಸ ಇಲ್ಲ; ತರಕಾರಿ ಪದಾರ್ಥಗಳು ಮೂರೋ ಐದೋ ಏಳೋ ಇರಬೇಕು. ದೂರದ ಊರಿನ ಮಕ್ಕಳಿಗೆ ಅಂಚೆಯ ಲಕೋಟೆಯಲ್ಲಿ ತೆನೆ ಹೋಗುತ್ತದೆ. ತುಳುವರ ಪುದ್ವಾರ್ ಊಟವನ್ನು ಬಲ್ಲವರು ಇದನ್ನು ನೋಡಿದರೆ, ಗದ್ದೆ ಒಂದೇ ಆದಾಗ ಹಬ್ಬಗಳು ಎಷ್ಟು ಹತ್ತಿರ ಬರುತ್ತವೆ ಎಂಬುದು ತಿಳಿಯುತ್ತದೆ.

ಇದೇ ಮಿರಾಂದಾ ಹೈದರ್ ಅಲಿಯ ಗೌರವಕ್ಕೆ ಪಾತ್ರರಾಗಿದ್ದವರು. ಮೊಂತಿ ಫೆಸ್ತ್ ಆರಂಭವಾದ ಅದೇ 1763ರಲ್ಲಿ ಕೆಳದಿ ರಾಜ್ಯ ಹೈದರನ ಕೈಸೇರಿತು. ಇಪ್ಪತ್ತೊಂದು ವರ್ಷಗಳ ಬಳಿಕ ಎಲ್ಲವೂ ಬದಲಾಯಿತು.

1784: ನಾವು ದಾಟಿ ಹೋಗುವ ಪುಟ

ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರು 1783ರಲ್ಲಿ ಮಂಗಳೂರನ್ನು ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದ. ಕ್ರೈಸ್ತರು ಇಂಗ್ಲಿಷರಿಗೆ ಹಣ, ದವಸ, ಮಾಹಿತಿ ಕೊಟ್ಟರು ಎಂಬುದು ಅವನ ಆರೋಪ. 1784ರ ಫೆಬ್ರುವರಿಯ ಕೊನೆಯ ವಾರ, ಬೂದಿ ಬುಧವಾರದ ವೇಳೆಗೆ, ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಸೆರೆಹಿಡಿಯಲಾಯಿತು. ಆಸ್ತಿ ಮುಟ್ಟುಗೋಲಾಯಿತು. ಮಿರಾಂದಾ ಮತ್ತಿತರ ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಲಾಯಿತು. ಹೆಂಗಸರು, ಮಕ್ಕಳು, ಮುದುಕರು ಸೇರಿ ಸಾವಿರಾರು ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅವರ ಸಂಖ್ಯೆ ಮೂವತ್ತು ಸಾವಿರ ಎಂದು ಕೆಲವರು, ಅರವತ್ತು ಸಾವಿರ ಎಂದು ಕೆಲವರು ಹೇಳುತ್ತಾರೆ. ಹಸಿವಿನಿಂದ, ಕಾಯಿಲೆಯಿಂದ ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಅನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು, ಹುಡುಗರನ್ನು ಸೈನ್ಯಕ್ಕೆ ಸೇರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ, ಹದಿನೈದು ವರ್ಷ, ಈ ಸೆರೆ ಮುಗಿಯಲಿಲ್ಲ.

ಈ ಪುಟ ಬಂದಾಗ ಮುಸ್ಲಿಮರಾದ ನಾವು ಏನು ಮಾಡುತ್ತೇವೆ? ಹೆಚ್ಚಿನ ಸಲ ವಕೀಲರಾಗುತ್ತೇವೆ. ಅದು ರಾಜಕೀಯ, ಧರ್ಮವಲ್ಲ ಎನ್ನುತ್ತೇವೆ. 1791ರಲ್ಲಿ ಮರಾಠ ಸೈನ್ಯ ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು ಎಂದು ನೆನಪಿಸುತ್ತೇವೆ. ಇಂಗ್ಲಿಷರ ವಿರುದ್ಧ ರಣರಂಗದಲ್ಲೇ ಮಡಿದ ಅರಸ ಎನ್ನುತ್ತೇವೆ. ಇವೆಲ್ಲ ಸುಳ್ಳಲ್ಲ. ಆದರೆ ಇವುಗಳಲ್ಲಿ ಯಾವುದೂ ಘಟ್ಟದ ದಾರಿಯಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ಬಾಯಮ್ಮನಿಗೆ ಉತ್ತರವಲ್ಲ. ಕೆಲವರು ಇಂಗ್ಲಿಷರಿಗೆ ನೆರವಾಗಿದ್ದರೂ ಅದಕ್ಕೆ ತೊಟ್ಟಿಲ ಕೂಸನ್ನು ಹೊಣೆ ಮಾಡುವುದು ಯಾವ ನ್ಯಾಯ? ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಶಿಕ್ಷಿಸಬಾರದು, ಧರ್ಮದಲ್ಲಿ ಬಲಾತ್ಕಾರ ಸಲ್ಲದು ಎಂದು ನಾವು ಮದ್ರಸದಲ್ಲೇ ಕಲಿತವರು. ಒಂದು ಸಮುದಾಯವನ್ನು ಇಡಿಯಾಗಿ ಶಂಕಿಸುವುದರ ನೋವು ಏನೆಂದು ಇಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದಾಗ ಕರಾವಳಿಯ ಕೆಲವು ಕ್ರೈಸ್ತರು ಬೇಸರ ತೋಡಿಕೊಂಡರು. 2019ರಲ್ಲಿ ಆಚರಣೆ ರದ್ದಾಯಿತು. ಈ ನಡುವೆ ಪರ, ವಿರೋಧ ಎಂದು ಕೂಗಿದವರು ಬಹಳ. ಆ ಬೇಸರಕ್ಕೆ ಕಾರಣವೇನೆಂದು ನೆರೆಮನೆಯ ಜಗಲಿಯಲ್ಲಿ ಕುಳಿತು ಕೇಳಿದವರು ಎಷ್ಟು ಮಂದಿ? ಆ ನೋವನ್ನು ನಮ್ಮ ವಿರುದ್ಧದ ಕೋಲಾಗಿ ಹಿಡಿದವರಿಗೂ ಅದರ ಚಿಂತೆ ಇರಲಿಲ್ಲ. ನಾವೂ ಕೇಳಿಸಿಕೊಳ್ಳಲಿಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನ ಕೋಟೆಯನ್ನು ಟಿಪ್ಪು ಜಮಲಾಬಾದ್ ಎಂದು ಕರೆದ. ಅದೇ ಬೆಳ್ತಂಗಡಿಯ ಹೆಸರಿನಲ್ಲಿ ಕೊಂಕಣಿ ಕಾದಂಬರಿಕಾರ ವಿ.ಜೆ.ಪಿ. ಸಲ್ಡಾನ್ಹಾ 'ಬೆಳ್ತಂಗಡಿಚೊ ಬಲ್ತಜಾರ್' ಬರೆದರು. ಕೋಟೆಯ ಕಥೆ ನಮಗೆ ಗೊತ್ತು, ಕಾದಂಬರಿಯ ಹೆಸರು ಕೇಳಿದವರು ನಮ್ಮಲ್ಲಿ ಬೆರಳೆಣಿಕೆ.

ಹೊಸಬೆಟ್ಟಿನಲ್ಲಿ ಉಳಿದದ್ದು

1784ರಲ್ಲಿ ಕನ್ನಡ ಜಿಲ್ಲೆಯ 27 ಚರ್ಚುಗಳನ್ನು ಕೆಡವಲು ಆಜ್ಞೆಯಾಯಿತು ಎಂದು ಬರೆದವರು ಒಂದು ಅಪವಾದವನ್ನೂ ಹೇಳುತ್ತಾರೆ. ಅದು ಮೂಡಬಿದ್ರೆಯ ಪಕ್ಕದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಚರ್ಚು. ಅದು ಉಳಿದದ್ದು ಮೂಡಬಿದ್ರೆಯ ಚೌಟ ಅರಸನ ಸ್ನೇಹದಿಂದ.

ಚೌಟರು ಜೈನರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಪೋರ್ಚುಗೀಸರೊಡನೆ ಕತ್ತಿ ಹಿಡಿದು ಕಾದಿದ ಮನೆತನ, ಪೋರ್ಚುಗೀಸರ ಧರ್ಮವನ್ನೇ ಪಾಲಿಸುವ ಒಕ್ಕಲುಗಳ ಚರ್ಚನ್ನು ಕಾಯಿತು. ಶತ್ರು ಯಾರು, ನೆರೆಯವನು ಯಾರು ಎಂಬ ವ್ಯತ್ಯಾಸ ಆ ಅರಸನಿಗೆ ತಿಳಿದಿತ್ತು. ಆ ಹೊತ್ತಿಗೆ ಚೌಟರು ಮೈಸೂರಿನ ಅಧೀನದಲ್ಲಿದ್ದ ಸಣ್ಣ ಒಡೆಯರು, ಕೈಯಲ್ಲಿ ದೊಡ್ಡ ಬಲವಿರಲಿಲ್ಲ. ಬಲವಿಲ್ಲದವನೂ ಒಂದು ಮಾತು ಆಡಬಹುದಿತ್ತು. ಆಡಿದ್ದರಿಂದ ಒಂದು ಕಟ್ಟಡ ಉಳಿಯಿತು. ಮೂಡಬಿದ್ರೆಗೆ ಹೋದವರು ಸಾವಿರ ಕಂಬದ ಬಸದಿಯನ್ನೂ, ಚೌಟರ ಅರಮನೆಯ ಕಂಬದ ನವನಾರಿ ಕುಂಜರದ ಕೆತ್ತನೆಯನ್ನೂ ನೋಡಿ ಬರುತ್ತಾರೆ. ಹೊಸಬೆಟ್ಟಿಗೂ ಒಮ್ಮೆ ಹೋಗಿ ಬರಬೇಕು.

ಮರಳಿ ಬಂದವರು

1799ರ ನಂತರ ಬದುಕಿ ಉಳಿದವರು ಊರಿಗೆ ಮರಳಿದರು. ಗದ್ದೆಗಳು ಬೇರೆಯವರ ಕೈಯಲ್ಲಿದ್ದವು, ಇಗರ್ಜಿನ ಜಾಗದಲ್ಲಿ ಪೊದೆ ಬೆಳೆದಿತ್ತು. ಮತ್ತೆ ಗುರ್ಕಾರರು, ಮತ್ತೆ ದಫ್ತರಗಳು. ಒಂದು ಸಮುದಾಯ ಸಾವಿನಿಂದ ಎದ್ದದ್ದನ್ನು ತಿಳಿಯಲು ಯುದ್ಧದ ಪುಸ್ತಕಗಳು ಸಾಲವು. ಮತ್ತೆ ಮಗು ಹುಟ್ಟಿತು, ಅದಕ್ಕೆ ಹೆಸರಿಟ್ಟರು, ಪುಸ್ತಕದಲ್ಲಿ ಬರೆದರು ಎಂಬ ಸಾಲುಗಳಲ್ಲಿ ಅದು ಸಿಗುತ್ತದೆ.

1878ರ ಕೊನೆಯ ದಿನ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು. ಕೊಂಕಣಿಗೆ ವ್ಯಾಕರಣ ಬರೆದವರು ಅವರಲ್ಲೊಬ್ಬರಾದ ಪಾದ್ರಿ ಮಾಫೆಯಿ. 1882ರಲ್ಲಿ ವ್ಯಾಕರಣ, 1883ರಲ್ಲಿ ನಿಘಂಟು. ಎರಡೂ ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರೂ ಆ ಮಿಷನ್ನಿನ ಮೋಗ್ಲಿಂಗ್.

1912ರಲ್ಲಿ ಲೂವಿಸ್ ಮಸ್ಕರೇನ್ಹಸ್ ಸಂಪಾದಕತ್ವದಲ್ಲಿ 'ಕೊಂಕ್ಣಿ ದಿರ್ವೆಂ' ಬಂತು. 1938ರಲ್ಲಿ ಸಿಲ್ವೆಸ್ಟರ್ ಮಿನೇಜಸ್ 'ರಾಕ್ಣೊ' ವಾರಪತ್ರಿಕೆ ಆರಂಭಿಸಿದರು. ರಾಕ್ಣೊ ಎಂದರೆ ಕಾವಲುಗಾರ. ಹಳ್ಳಿಯ ಫಿರ್ಗಜಿನಲ್ಲಿ ಅದು ಕೈಯಿಂದ ಕೈಗೆ ದಾಟುತ್ತಿತ್ತು. ಓದಲು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಿದ್ದಳು. ಆಗ ಪೂಜೆ ಲ್ಯಾಟಿನಿನಲ್ಲಿ ನಡೆಯುತ್ತಿತ್ತು, ಪ್ರಸಂಗ ಮಾತ್ರ ಕೊಂಕಣಿ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಪೂಜೆಯೂ ಮನೆಯ ಮಾತಿಗೆ ಬಂತು. ಅದಕ್ಕೂ ದಶಕಗಳ ಮೊದಲೇ ಮನೆಯ ಮಾತಿಗೆ ಅಚ್ಚಿನ ಮರ್ಯಾದೆ ಕೊಟ್ಟವು ಈ ಪತ್ರಿಕೆಗಳು. ಮನೆಯಲ್ಲಿ ಬ್ಯಾರಿ ಮಾತಾಡಿ, ಪಾಠದಲ್ಲಿ ಉರ್ದು ಕಲಿತು, ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಬ್ಯಾರಿ ಭಾಷೆಗೆ ರಾಜ್ಯದಲ್ಲಿ ಅಕಾಡೆಮಿ ಸಿಕ್ಕಿದ್ದು 2009ರಲ್ಲಿ. ಕೊಂಕಣಿಗೆ 1994ರಲ್ಲೇ ಸಿಕ್ಕಿತ್ತು. ಕೊಂಕಣಿಯೂ ಬ್ಯಾರಿಯೂ ಕನ್ನಡ ಲಿಪಿಯಲ್ಲೇ ಅಚ್ಚಾಗುವುದರಿಂದ, ಅರ್ಥ ಪೂರ್ತಿ ಆಗದಿದ್ದರೂ ನೆರೆಯವನ ಪತ್ರಿಕೆಯನ್ನು ನಾವು ತಡವರಿಸುತ್ತ ಓದಬಲ್ಲೆವು, ನಮ್ಮದನ್ನು ಅವನು ಓದಬಲ್ಲ.

ಇಂದಿನ ಸುದ್ದಿ

ಇಂದು ಅನೇಕ ಚರ್ಚುಗಳು ತಮ್ಮದೇ ಸಣ್ಣ ಸುದ್ದಿಪತ್ರ ತರುತ್ತವೆ. ಅದರಲ್ಲಿ ಏನಿರುತ್ತದೆ? ಜ್ಞಾನಸ್ನಾನ ಪಡೆದ ಮಕ್ಕಳು, ಮದುವೆಯಾದ ಜೋಡಿಗಳು, ತೀರಿಕೊಂಡವರು. ಎಸ್ಸೆಸ್ಸೆಲ್ಸಿಯ ಅಂಕ. ಹಬ್ಬದ ಲೆಕ್ಕಪತ್ರ. ಸಂತ ವಿನ್ಸೆಂಟ್ ದ ಪಾವ್ಲ್ ಸಭೆ ಯಾರ ಮನೆಯ ಮಾಡು ರಿಪೇರಿಗೆ ನೆರವಾಯಿತು ಎಂಬ ವರದಿ. ದೊಡ್ಡ ಪತ್ರಿಕೆಗಳಿಗೆ ಇವು ಸುದ್ದಿಯಲ್ಲ. ಆದರೆ ಒಟ್ಟಿಗೆ ಇಟ್ಟು ಓದಿದರೆ ಅರ್ಧ ಶತಮಾನದ ಬದಲಾವಣೆ ಕಾಣುತ್ತದೆ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಕೊಟ್ಟು ಗೇಣಿದಾರರು ಒಡೆಯರಾದರು. ಮುಂಬಯಿಗೆ ಹೋಗುತ್ತಿದ್ದ ಹುಡುಗರು ಗಲ್ಫಿಗೆ ಹೋದರು; ಅಲ್ಲಿ ಬ್ಯಾರಿ ಹುಡುಗನೂ ಪೊರ್ಬುವಿನ ಮಗನೂ ಒಂದೇ ಕೋಣೆಯಲ್ಲಿ ಮಲಗಿದರು. ಕೇರಳದಿಂದ ಬಂದ ರಬ್ಬರ್ ಕೃಷಿಕರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಸೀರೊ ಮಲಬಾರ್ ಧರ್ಮಪ್ರಾಂತ್ಯ ಬಂತು. ಮನೆಗಳು ದೊಡ್ಡವಾದವು, ಮಕ್ಕಳು ಕಡಿಮೆಯಾದರು. ಗದ್ದೆಗಳು ಅಡಿಕೆ ತೋಟವಾದ ಮೇಲೆ ಮೊಂತಿ ಫೆಸ್ತಿನ ತೆನೆಗೆ ಗದ್ದೆ ಉಳಿದ ಊರನ್ನು ಹುಡುಕಬೇಕಾಗಿದೆ.

2008ರ ಸೆಪ್ಟೆಂಬರ್ 14ರ ಭಾನುವಾರ, ಮೊಂತಿ ಫೆಸ್ತ್ ಮುಗಿದ ಆರನೆಯ ದಿನ, ಮಂಗಳೂರು ಮತ್ತಿತರ ಕಡೆ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಆಮೇಲೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಗಿ 2011ರಲ್ಲಿ ವರದಿ ಬಂತು. ಆ ವಾರ ಫಿರ್ಗಜುಗಳಲ್ಲಿ ಎದ್ದ ಭಯಕ್ಕೆ 1784ರ ನೆನಪೂ ಸೇರಿತ್ತು ಎಂಬುದನ್ನು ತಿಳಿಯಲು ಆ ಚರಿತ್ರೆ ಗೊತ್ತಿರಬೇಕು. ಭಯಪಟ್ಟವನ ಪಕ್ಕದಲ್ಲಿ ನಿಲ್ಲಬೇಕಾದರೆ ಅವನ ಭಯದ ವಯಸ್ಸು ಎಷ್ಟು ಎಂಬುದು ನಮಗೆ ತಿಳಿದಿರಬೇಕು.

ನಾವು ಹೇಳುವುದು ಇಷ್ಟೇ. ಟಿಪ್ಪುವಿನ ಪರವಾಗಿ ವಾದಿಸುವುದಕ್ಕೂ ಬೈಯುವುದಕ್ಕೂ ಜನ ಬೇಕಾದಷ್ಟಿದ್ದಾರೆ. ನೆರೆಯವನ ದಫ್ತರವನ್ನು ಅವನ ಜೊತೆ ಕುಳಿತು ಓದುವವರು ಕಡಿಮೆ. ಮುಂದಿನ ಸೆಪ್ಟೆಂಬರ್ 8ರಂದು ಬೇಲಿಯ ಆಚೆಯಿಂದ ಪಾಯಸದ ಪಾತ್ರೆ ಬಂದರೆ ಉಂಡು ಸುಮ್ಮನಾಗುವುದು ಬೇಡ. ಆ ಪಾತ್ರೆ ಹಿಂದಿರುಗಿಸಲು ಹೋದಾಗ ಜಗಲಿಯಲ್ಲಿ ಒಂದು ಗಳಿಗೆ ಕುಳಿತು, 'ಬಾಯಮ್ಮ, ನಿಮ್ಮ ಹಿರಿಯರು ಶ್ರೀರಂಗಪಟ್ಟಣಕ್ಕೆ ಹೋಗಿದ್ದರಾ? ಅವರಲ್ಲಿ ಯಾರು ಮರಳಿದರು?' ಎಂದು ಕೇಳೋಣ. ಅವರು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳೋಣ.